ಮಕ್ಕಳ ಪರಿಸರ ತನಿಖೆಗೆ ಮೈಕ್ರೋಬಿಟ್: ಹೋಲಿಕೆಗೆ ಸೈ, ಅಳತೆಗೆ ಅಷ್ಟಕ್ಕಷ್ಟೆ

ಶಾಲೆಯ ಸುತ್ತಲಿನ ಗದ್ದಲ, ಆಟದ ಬಯಲಿನ ಬಿಸಿಲ ಝಳ, ಒಣಗುತ್ತಿರುವ ಕೈತೋಟ, ಗೇಟಿನ ಮುಂದಿನ ವಾಹನ ದಟ್ಟಣೆ ಇಂಥ ಸಮಸ್ಯೆಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳು ತಾವೇ ಪರಿಶೀಲಿಸುವಂತೆ ಮಾಡಬೇಕೆಂದು ಹೊರಡುವ ಶಿಕ್ಷಕರಿಗೆ ಈಗ ಹಲವರು ಸೂಚಿಸುವ ಉಪಕರಣ ಬಿಬಿಸಿ ಮೈಕ್ರೋಬಿಟ್. ಸುಮಾರು 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ, ಮಗುವಿನ ಅಂಗೈಯಲ್ಲಿ ಹಿಡಿಸುವ, ಪ್ರೋಗ್ರಾಮ್ ತುಂಬಿ ಬಳಸುವ ಪುಟ್ಟ ಕಂಪ್ಯೂಟರಿನಂಥ ಈ ಸಣ್ಣ ಬೋರ್ಡಿನ ಬಗ್ಗೆ ಕೋಡಿಂಗ್ ಕಲಿಕೆಯ ದೃಷ್ಟಿಯಿಂದ ಬೇಕಾದಷ್ಟು ಬರೆದಾಗಿದೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳು ತಮ್ಮ ಪರಿಸರವನ್ನು ತನಿಖೆ ಮಾಡಲು ಹೊರಟಾಗ ಇದು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡು ಜಾಗಗಳನ್ನೋ ಎರಡು ಹೊತ್ತುಗಳನ್ನೋ ಹೋಲಿಸಿ ನೋಡಲು ಈ ವಯಸ್ಸಿನವರಿಗೆ ಇದಕ್ಕಿಂತ ಅನುಕೂಲವಾದ ಉಪಕರಣ ಸಿಗುವುದು ಕಷ್ಟ, ಆದರೆ ಇದು ತೋರಿಸುವ ಅಂಕಿಯನ್ನೇ ನಿಖರವಾದ ಅಳತೆಯೆಂದು ನಂಬಿ ವರದಿ ಬರೆಯಹೊರಟರೆ ಮಕ್ಕಳಿಗೆ ತಪ್ಪು ವಿಜ್ಞಾನವನ್ನು ಕಲಿಸಿದಂತಾಗುತ್ತದೆ.

ಈ ಬೋರ್ಡು ಮೊದಲು ಬಂದದ್ದು 2016ರಲ್ಲಿ. ಬ್ರಿಟನ್ನಿನ 11–12 ವರ್ಷದ ಸುಮಾರು ಹತ್ತು ಲಕ್ಷ ವಿದ್ಯಾರ್ಥಿಗಳಿಗೆ ಅದನ್ನು ಉಚಿತವಾಗಿ ಹಂಚಲಾಯಿತು. ಅದೇ ವರ್ಷ ಅದರ ಉಸ್ತುವಾರಿಗೆಂದು ಲಾಭರಹಿತವಾದ ಒಂದು ಪ್ರತಿಷ್ಠಾನವೂ ಸ್ಥಾಪನೆಯಾಯಿತು. 2020ರಲ್ಲಿ ಬಿಡುಗಡೆಯಾದ ಎರಡನೆಯ ಆವೃತ್ತಿಯಲ್ಲಿ ಮೈಕ್ರೊಫೋನ್ ಮತ್ತು ಸ್ಪೀಕರ್ ಸೇರಿದವು, ಸ್ಮರಣೆಯೂ (ಮೆಮೊರಿ) ಹೆಚ್ಚಿತು. ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಹಂಚುವ ಯೋಜನೆ ಆರಂಭವಾದದ್ದು 2023ರಲ್ಲಿ. ಈ ಕಾಲಕ್ರಮವನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಸ್ವಲ್ಪ ದೊಡ್ಡ ಮಕ್ಕಳಿಗಾಗಿ ರೂಪುಗೊಂಡ ವಸ್ತು ಆಮೇಲೆ ಚಿಕ್ಕವರ ತರಗತಿಗೆ ಇಳಿದು ಬಂದಿದೆ, ಮತ್ತು ಅದರ ಕೆಲವು ತೊಡಕುಗಳು ಹುಟ್ಟುವುದು ಅಲ್ಲಿಂದಲೇ.

ಬೋರ್ಡಿನ ಮುಖದ ಮೇಲೆ ಐದು ಸಾಲುಗಳಲ್ಲಿ ಜೋಡಿಸಿದ 25 ಕೆಂಪು ಎಲ್‌ಇಡಿಗಳು, ಅವುಗಳ ಎಡಬಲಕ್ಕೆ ಎ ಮತ್ತು ಬಿ ಎಂಬ ಎರಡು ಗುಂಡಿಗಳು, ಕೆಳ ಅಂಚಿನಲ್ಲಿ ತಂತಿ ಸಿಕ್ಕಿಸುವುದಕ್ಕೆ ಚಿನ್ನದ ಬಣ್ಣದ ದೊಡ್ಡ ರಂಧ್ರಗಳು ಇವೆ. ಚಲನೆ, ದಿಕ್ಕು, ಬೆಳಕು, ಉಷ್ಣತೆ ಇವುಗಳ ಜೊತೆಗೆ ಎರಡನೆಯ ಆವೃತ್ತಿಯಲ್ಲಿ ಶಬ್ದವನ್ನೂ ಅದು ಗ್ರಹಿಸುತ್ತದೆ. ಎರಡು ಸಣ್ಣ ಎಎಎ ಸೆಲ್ಲುಗಳಿದ್ದರೆ ಸಾಕು, ಕಂಪ್ಯೂಟರಿನಿಂದ ಬಿಡಿಸಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಪ್ರೋಗ್ರಾಮ್ ಬರೆಯಲು ಬ್ರೌಸರಿನಲ್ಲೇ ತೆರೆದುಕೊಳ್ಳುವ ಮೇಕ್‌ಕೋಡ್ ಎಂಬ ಉಚಿತ ಸಂಪಾದಕವಿದೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಮ್ ಸಿದ್ಧವಾಗುತ್ತದೆ.

ಮಕ್ಕಳಿಗೆ ಎಲ್ಲಕ್ಕಿಂತ ಬೇಗ ಹಿಡಿಸುವುದು ಶಬ್ದದ ತನಿಖೆ. ಊಟದ ಹೊತ್ತಿನ ಮೊಗಸಾಲೆ, ಪಾಠದ ಹೊತ್ತಿನ ಕೊಠಡಿ, ರಸ್ತೆಯ ಕಡೆಯ ಕಿಟಕಿ, ಹಿಂಬದಿಯ ಮರದಡಿ ಇವುಗಳಲ್ಲಿ ಯಾವುದು ಹೆಚ್ಚು ಗದ್ದಲದ ಜಾಗವೆಂದು ಮೊದಲು ಊಹಿಸಿ, ಆಮೇಲೆ ಬೋರ್ಡನ್ನು ಇಟ್ಟು ನೋಡಿದಾಗ ಊಹೆ ಸುಳ್ಳಾಗುವ ಸಂದರ್ಭಗಳೇ ಈ ಚಟುವಟಿಕೆಯ ಜೀವ. ಆದರೆ ಬೋರ್ಡು ಶಬ್ದವನ್ನು 0ಯಿಂದ 255ರ ವರೆಗಿನ ಒಂದು ಅಂಕಿಯಾಗಿ ತೋರಿಸುತ್ತದೆಯೇ ಹೊರತು ಶಬ್ದ ಅಳೆಯುವ ಮಾನವಾದ ಡೆಸಿಬೆಲ್‌ನಲ್ಲಿ ಅಲ್ಲ. ತರಗತಿಯೊಳಗೆ ಪಾಠದ ಹೊತ್ತಿನ ಹಿನ್ನೆಲೆ ಶಬ್ದ 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಈ ಅಂಕಿಯನ್ನು ಮಕ್ಕಳ ಮುಂದಿಟ್ಟರೆ ನಮ್ಮ ಕೊಠಡಿ ಪಾಸೋ ಫೇಲೋ ಎಂದು ಅವರು ಕೇಳುವುದು ಸಹಜ, ಮೈಕ್ರೋಬಿಟ್ ಅದಕ್ಕೆ ಉತ್ತರ ಕೊಡಲಾರದು. ಒಂದು ಜಾಗದಲ್ಲಿ 60, ಇನ್ನೊಂದರಲ್ಲಿ 120 ಬಂದರೆ ಎರಡನೆಯದು ಹೆಚ್ಚು ಗದ್ದಲದ್ದೆಂದು ಹೇಳಬಹುದು, ಎರಡು ಪಟ್ಟು ಗದ್ದಲದ್ದೆಂದು ಹೇಳುವಂತಿಲ್ಲ. ಈ ವ್ಯತ್ಯಾಸವನ್ನು ಹತ್ತು ವರ್ಷದ ಮಗುವಿಗೆ ತಿಳಿಸಲಾಗದು ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಅಂಕಿ ಇರುವುದೆಲ್ಲ ಅಳತೆಯಲ್ಲ ಎಂಬುದನ್ನು ಕಲಿಯಲು ಅದು ತಕ್ಕ ವಯಸ್ಸೇ.

ಶಬ್ದದ ವಿಷಯದಲ್ಲಿ ಇನ್ನೆರಡು ಮಾತು ಹೇಳಬೇಕು. ತೆರೆಯ ಮೇಲೆ ಕಾಣುವುದು ಆ ಕ್ಷಣದ ಶಬ್ದ ಮಾತ್ರ. ಪಕ್ಕದಲ್ಲಿ ಯಾರೋ ಕೆಮ್ಮಿದರೆ, ಗಾಳಿ ನೇರವಾಗಿ ಮೈಕ್ರೊಫೋನಿನ ಸಣ್ಣ ರಂಧ್ರಕ್ಕೆ ಬೀಸಿದರೆ, ಹಿಡಿದ ಕೈ ಉಜ್ಜಿದರೆ ಅಂಕಿ ಏರಿಬಿಡುತ್ತದೆ. ಆದ್ದರಿಂದ ಬೋರ್ಡನ್ನು ಕೈಯಲ್ಲಿ ಹಿಡಿಯದೆ ಒಂದೆಡೆ ಮುಖ ಮೇಲಾಗಿ ಇಟ್ಟು, ಐದು ನಿಮಿಷವಾದರೂ ಹಲವು ಅಂಕಿಗಳನ್ನು ತೆಗೆದು, ಅವುಗಳ ಸರಾಸರಿಯನ್ನು ಬಳಸುವುದು ಒಳ್ಳೆಯದು. ಮೈಕ್ರೊಫೋನ್ ಕೆಲಸ ಮಾಡುತ್ತಿರುವಾಗ ಬೋರ್ಡಿನ ಮೇಲೆ ಒಂದು ಪುಟ್ಟ ಸೂಚಕ ದೀಪ ಉರಿಯುತ್ತದೆ. ಮಕ್ಕಳ ಮಾತು ಕೇಳಿಸಿಕೊಳ್ಳುವ ಯಾವ ಯಂತ್ರಕ್ಕಾದರೂ ಇರಬೇಕಾದ ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಉಷ್ಣತೆಯ ವಿಷಯಕ್ಕೆ ಬಂದರೆ ಬೋರ್ಡಿನ ದೌರ್ಬಲ್ಯ ಎದ್ದು ಕಾಣುತ್ತದೆ, ಮತ್ತು ಒಳ್ಳೆಯ ಶಿಕ್ಷಕರ ಕೈಯಲ್ಲಿ ಅದೇ ಅತ್ಯುತ್ತಮ ಪಾಠವೂ ಆಗುತ್ತದೆ. ಇದರಲ್ಲಿ ಗಾಳಿಯ ಉಷ್ಣತೆಯನ್ನು ಅಳೆಯುವ ಪ್ರತ್ಯೇಕ ಸಂವೇದಕ (ಸೆನ್ಸರ್) ಇಲ್ಲ. ಸಂಸ್ಕಾರಕದ (ಪ್ರೊಸೆಸರ್) ಚಿಪ್‌ನೊಳಗೇ ಇರುವ ಸಂವೇದಕವು ಆ ಚಿಪ್‌ನ ಬಿಸಿಯನ್ನು ಹೇಳುತ್ತದೆ, ನಾವು ಅದನ್ನು ಸುತ್ತಲಿನ ಉಷ್ಣತೆಯೆಂದು ಅಂದಾಜು ಮಾಡಿಕೊಳ್ಳುತ್ತೇವೆ. ಸರಿಯಾದ ಥರ್ಮಾಮೀಟರಿನೊಂದಿಗೆ ಹೋಲಿಸಿ ಹೊಂದಾಣಿಕೆ ಮಾಡದಿದ್ದರೆ 5 ಡಿಗ್ರಿ ಸೆಲ್ಸಿಯಸ್ ತನಕ ಆ ಕಡೆಗೋ ಈ ಕಡೆಗೋ ವ್ಯತ್ಯಾಸ ಬರಬಹುದೆಂದು ಬೋರ್ಡಿನ ತಾಂತ್ರಿಕ ವಿವರಗಳೇ ಹೇಳುತ್ತವೆ. ಮರದ ನೆರಳಿಗೂ ಡಾಂಬರಿನ ಅಂಗಳಕ್ಕೂ ನಡುವೆ ಗಾಳಿಯಲ್ಲಿ ಇರುವ ವ್ಯತ್ಯಾಸವೇ ಹಲವೊಮ್ಮೆ ಅಷ್ಟಿರುವುದಿಲ್ಲ. ಹಾಗಾಗಿ ಒಂದು ಗುಂಪು ನೆರಳಿನಲ್ಲಿ ಒಂದು ಬೋರ್ಡನ್ನೂ ಇನ್ನೊಂದು ಗುಂಪು ಡಾಂಬರಿನ ಮೇಲೆ ಮತ್ತೊಂದು ಬೋರ್ಡನ್ನೂ ಇಟ್ಟು ನೇರವಾಗಿ ಹೋಲಿಸಿದರೆ ಬಂದ ಫಲಿತಾಂಶ ಜಾಗದ್ದೋ ಬೋರ್ಡಿನದ್ದೋ ತಿಳಿಯದು.

ಪರಿಹಾರ ಸುಲಭ. ಹೊರಡುವ ಮೊದಲು ಎಲ್ಲ ಬೋರ್ಡುಗಳನ್ನೂ ಒಂದೇ ಮೇಜಿನ ಮೇಲೆ, ಒಂದು ಸಾಮಾನ್ಯ ಥರ್ಮಾಮೀಟರಿನ ಪಕ್ಕದಲ್ಲಿ, ಹದಿನೈದು ನಿಮಿಷ ಇಡಬೇಕು. ಪ್ರತಿ ಬೋರ್ಡು ಥರ್ಮಾಮೀಟರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ತೋರಿಸುತ್ತದೆಂದು ಒಂದು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸಬೇಕು. ಹೊರಗಿನ ಓದಿನಿಂದ, ಅಂದರೆ ಅಲ್ಲಿ ಬೋರ್ಡು ತೋರಿಸಿದ ಅಂಕಿಯಿಂದ, ಆ ಅಂತರವನ್ನು ಕಳೆಯಬೇಕು ಅಥವಾ ಅದಕ್ಕೆ ಕೂಡಿಸಬೇಕು. ಕೂಡುವುದು ಕಳೆಯುವುದು ಬಂದರೆ ಸಾಕು, ಉಪಕರಣದ ಹೊಂದಾಣಿಕೆ ಎಂಬ ದೊಡ್ಡ ಕೆಲಸವನ್ನು ನಾಲ್ಕನೆಯ ತರಗತಿಯ ಮಗು ಮಾಡಿ ಮುಗಿಸುತ್ತದೆ. ಇನ್ನು ಬೋರ್ಡನ್ನು ನೇರ ಬಿಸಿಲಿಗೆ ಇಡಬಾರದು, ಏಕೆಂದರೆ ಬಿಸಿಲು ಬಡಿದರೆ ಬೋರ್ಡೇ ಕಾಯುತ್ತದೆ. ಹವಾಮಾನ ಕೇಂದ್ರಗಳು ಥರ್ಮಾಮೀಟರನ್ನು ಬಿಳಿ ಬಣ್ಣದ, ಸೀಳುಗಳಿರುವ ಪೆಟ್ಟಿಗೆಯೊಳಗೆ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ ಇಡುವುದು ಇದೇ ಕಾರಣಕ್ಕೆ. ಬಿಳಿ ರಟ್ಟಿನ ಡಬ್ಬಿಗೆ ಎರಡೂ ಬದಿಯಲ್ಲಿ ಕಿಂಡಿ ಕೊರೆದು, ಎಲ್ಲ ಗುಂಪುಗಳೂ ಒಂದೇ ಎತ್ತರದಲ್ಲಿ ತೂಗುಹಾಕಿದರೆ ಸಾಕು. ಇಷ್ಟು ತಯಾರಿಗೆ ಸಮಯವಿಲ್ಲ ಎನ್ನುವವರು ಉಷ್ಣತೆಗೆ ಮೈಕ್ರೋಬಿಟ್ ಬಳಸದೆ ಸಾದಾ ಥರ್ಮಾಮೀಟರನ್ನೇ ಬಳಸುವುದು ಮೇಲು.

ಬೆಳಕಿನ ಅಳತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋರಿಸುವ ಎಲ್‌ಇಡಿಗಳೇ ಬೆಳಕನ್ನು ಗ್ರಹಿಸುವ ಸಂವೇದಕಗಳಾಗಿಯೂ ದುಡಿಯುವುದು ಜಾಣತನದ ವಿನ್ಯಾಸವೇ ಸರಿ. ಆದರೆ ಇಲ್ಲಿಯೂ 0ಯಿಂದ 255ರ ಅಂಕಿಯೇ ಬರುತ್ತದೆ, ಬಯಲಿನ ಬಿಸಿಲಿನಲ್ಲಿ ಅದು ಬೇಗ ಗರಿಷ್ಠವನ್ನು ಮುಟ್ಟಿಬಿಡಬಹುದು. ಹಗಲಿನಲ್ಲೂ ದೀಪ ಹಾಕಬೇಕಾದ ಕೊಠಡಿ ಯಾವುದು, ಕಿಟಕಿಯಿಂದ ಎಷ್ಟು ದೂರ ಹೋದರೆ ಓದಲು ಕಷ್ಟ ಎಂಬಂಥ ಒಳಾಂಗಣ ಪ್ರಶ್ನೆಗಳಿಗೆ ಇದು ಸಾಕು.

ಮಣ್ಣಿನ ತೇವಕ್ಕೆ ಬೇಕಾಗುವುದು ಎರಡು ಮೊಳೆ ಮತ್ತು ತುದಿಯಲ್ಲಿ ಕಚ್ಚಿಕೊಳ್ಳುವ ಕ್ಲಿಪ್ ಇರುವ ಎರಡು ಕ್ರೊಕೊಡೈಲ್ ಕ್ಲಿಪ್ ತಂತಿ ಮಾತ್ರ. ಒಂದು ಮೊಳೆಯನ್ನು ಬೋರ್ಡಿನ 3 ವೋಲ್ಟ್ ರಂಧ್ರಕ್ಕೂ ಇನ್ನೊಂದನ್ನು 0 ಎಂಬ ರಂಧ್ರಕ್ಕೂ ಜೋಡಿಸಿ ಮಣ್ಣಿಗೆ ಚುಚ್ಚಿದರೆ, ತೇವ ಹೆಚ್ಚಿದಷ್ಟೂ ವಿದ್ಯುತ್ತು ಸರಾಗವಾಗಿ ಹರಿದು ಅಂಕಿ ಏರುತ್ತದೆ. ಇಲ್ಲಿ ಅದರ ವ್ಯಾಪ್ತಿ 0ಯಿಂದ 1023. ಮಧ್ಯಾಹ್ನ ನೀರು ಹಾಕಿದ ಪಾತಿ ಮತ್ತು ಬೆಳಗ್ಗೆ ನೀರು ಹಾಕಿದ ಪಾತಿಗಳಲ್ಲಿ ಯಾವುದು ಬೇಗ ಒಣಗುತ್ತದೆ, ಎಲೆ ಮುಚ್ಚಿದ ಮಣ್ಣು ಎಷ್ಟು ಹೊತ್ತು ತೇವ ಹಿಡಿದಿಡುತ್ತದೆ ಎಂಬ ಪ್ರಶ್ನೆಗಳಿಗೆ ಇದು ಒಪ್ಪುವ ಉತ್ತರ ಕೊಡುತ್ತದೆ. ಮೊಳೆಗಳ ನಡುವಿನ ಅಂತರ ಮತ್ತು ಆಳ ಪ್ರತಿ ಸಲವೂ ಒಂದೇ ಇರಬೇಕು. ಒಂದು ಬೆಂಡಿನ ತುಂಡಿಗೆ ಎರಡನ್ನೂ ಚುಚ್ಚಿಬಿಟ್ಟರೆ ಆ ಗೊಡವೆ ತಪ್ಪುತ್ತದೆ. ಮಣ್ಣಿನಲ್ಲಿ ಕರಗಿದ ಲವಣ ಹೆಚ್ಚಿದ್ದರೂ ಅಂಕಿ ಏರುವುದರಿಂದ, ಗೊಬ್ಬರ ಹಾಕಿದ ಪಾತಿಯನ್ನು ಹಾಕದ ಪಾತಿಯೊಂದಿಗೆ ಹೋಲಿಸಿ ತೇವದ ತೀರ್ಮಾನಕ್ಕೆ ಬರಬಾರದು. ವಿದ್ಯುತ್ತು ಸದಾ ಹರಿಯುತ್ತಿದ್ದರೆ ಮೊಳೆ ಬೇಗ ಸವೆದು ತುಕ್ಕು ಹಿಡಿಯುತ್ತದೆ. ಸತು ಲೇಪಿಸಿದ ಮೊಳೆ ಬಳಸುವುದು, ಓದು ತೆಗೆಯುವ ಹೊತ್ತಿಗಷ್ಟೇ ತಂತಿ ಸಿಕ್ಕಿಸುವುದು ಇದಕ್ಕೆ ತಕ್ಕ ಮದ್ದು.

ಇಷ್ಟೆಲ್ಲ ಸಂವೇದಕಗಳಿರುವಾಗ ನಾನು ಮೇಲಿನ ಸ್ಥಾನ ಕೊಡುವುದು ಮಾತ್ರ ಆ ಎರಡು ಗುಂಡಿಗಳಿಗೆ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಶಾಲೆಯ ಗೇಟಿನ ಒಳಗೆ ಸುರಕ್ಷಿತವಾಗಿ ಕುಳಿತು, ದ್ವಿಚಕ್ರ ವಾಹನ ಹೋದರೆ ಎ, ದೊಡ್ಡ ವಾಹನ ಹೋದರೆ ಬಿ ಒತ್ತುವ ಎಣಿಕೆಯ ಪ್ರೋಗ್ರಾಮನ್ನು ಹತ್ತು ನಿಮಿಷದಲ್ಲಿ ಬರೆಯಬಹುದು. ಅಂಗಳದಲ್ಲಿ ಬಿದ್ದ ಕಸದಲ್ಲಿ ಪ್ಲಾಸ್ಟಿಕ್ ಎಷ್ಟು, ಕಾಗದ ಎಷ್ಟು ಎಂದು ಎಣಿಸಲೂ ಅದೇ ಪ್ರೋಗ್ರಾಮ್ ಸಾಕು. ಇಲ್ಲಿ ಬರುವ ಅಂಕಿಗೆ ಹೊಂದಾಣಿಕೆ ಬೇಡ, ಅದಕ್ಕೆ ವಿವಾದವಿಲ್ಲದ ಅರ್ಥವಿದೆ: ಮೂವತ್ತು ಎಂದರೆ ಮೂವತ್ತು ವಾಹನ. ಕಾಗದದ ಮೇಲೆ ಗೆರೆ ಎಳೆದೂ ಎಣಿಸಬಹುದಲ್ಲ ಎಂದು ಕೇಳಿದರೆ, ಹೌದು, ಎಣಿಸಬಹುದು. ಆದರೆ ರಸ್ತೆಯಿಂದ ಕಣ್ಣು ತೆಗೆಯದೆ ಎಣಿಸುವ ಅನುಕೂಲ ಗುಂಡಿಯಿಂದ ಸಿಗುತ್ತದೆ, ಮತ್ತು ಪ್ರತಿ ಒತ್ತಿನ ಸಮಯವೂ ದಾಖಲಾಗುವುದರಿಂದ ದಟ್ಟಣೆ ಯಾವ ನಿಮಿಷದಲ್ಲಿ ಏರಿತೆಂಬುದು ಆಮೇಲೆ ತಿಳಿಯುತ್ತದೆ.

ಈ ದಾಖಲಾತಿಯ ಸೌಲಭ್ಯವೇ ಎರಡನೆಯ ಆವೃತ್ತಿಯ ದೊಡ್ಡ ಲಾಭ. ಪ್ರೋಗ್ರಾಮಿನಲ್ಲಿ ಸೂಚಿಸಿದ ಅಂತರಕ್ಕೊಮ್ಮೆ ಓದನ್ನು ಬೋರ್ಡು ತನ್ನ ಸ್ಮರಣೆಯಲ್ಲೇ ಬರೆದಿಟ್ಟುಕೊಳ್ಳುತ್ತದೆ. ಸೆಲ್ ತೆಗೆದರೂ ಅಳಿಸಿಹೋಗುವುದಿಲ್ಲ. ಮರಳಿ ತಂದು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಪೆನ್‌ಡ್ರೈವಿನಂತೆ ತೆರೆದುಕೊಂಡು, ಅದರೊಳಗಿನ ಒಂದು ಕಡತ ಬ್ರೌಸರಿನಲ್ಲಿ ಕೋಷ್ಟಕವಾಗಿ ಕಾಣುತ್ತದೆ. ಅದನ್ನು ನಕಲು ಮಾಡಿ ಲೆಕ್ಕದ ಹಾಳೆಗೆ (ಸ್ಪ್ರೆಡ್‌ಶೀಟ್) ಹಾಕಿದರೆ ನಕ್ಷೆ (ಗ್ರಾಫ್) ಎಳೆಯಬಹುದು. ರಾತ್ರಿ ಪೂರ್ತಿ ಕೊಠಡಿಯಲ್ಲಿ ಬೋರ್ಡನ್ನು ಬಿಟ್ಟುಹೋಗಿ, ಮರುದಿನ ಉಷ್ಣತೆ ಇಳಿದ ಬಗೆಯನ್ನು ನೋಡುವುದು ಇದರಿಂದ ಸಾಧ್ಯವಾಗುತ್ತದೆ.

ಇದರಲ್ಲಿ ಕೆಲವು ಕೊಕ್ಕೆಗಳೂ ಇವೆ, ತಿಳಿಯದಿದ್ದರೆ ಒಂದಿಡೀ ದಿನದ ಕೆಲಸ ಹಾಳಾಗುತ್ತದೆ. ಮೊದಲನೆಯದು, ಹೊಸ ಪ್ರೋಗ್ರಾಮ್ ತುಂಬಿದ ಕೂಡಲೇ ಹಳೆಯ ದಾಖಲೆ ಅಳಿಸಿಹೋಗುತ್ತದೆ. ಆದ್ದರಿಂದ ಕೋಷ್ಟಕವನ್ನು ಉಳಿಸಿಕೊಳ್ಳುವ ಮುನ್ನ ಯಾರೂ ಬೋರ್ಡಿಗೆ ಬೇರೇನನ್ನೂ ತುಂಬಬಾರದು. ಬೋರ್ಡಿನಲ್ಲಿ ಗಡಿಯಾರವೂ ಇಲ್ಲ. ವಿದ್ಯುತ್ತು ಸಿಕ್ಕ ಕ್ಷಣದಿಂದ ಎಷ್ಟು ಸೆಕೆಂಡು ಕಳೆಯಿತೆಂಬುದನ್ನು ಮಾತ್ರ ಅದು ಬರೆಯುತ್ತದೆ, ಹಾಗಾಗಿ ಆರಂಭಿಸಿದ ಸಮಯವನ್ನು ಮಕ್ಕಳು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲೇಬೇಕು. ಇನ್ನೊಂದು, ಓದಲೆಂದು ಕಂಪ್ಯೂಟರಿಗೆ ಜೋಡಿಸಿದಾಗ ವಿದ್ಯುತ್ತು ಸಿಕ್ಕಿ ಪ್ರೋಗ್ರಾಮ್ ಮತ್ತೆ ಓಡತೊಡಗುತ್ತದೆ, ಮೇಜಿನ ಮೇಲಿನ ಓದುಗಳೂ ಹೊರಗಿನ ಓದುಗಳ ಹಿಂದೆ ಸೇರಿಕೊಳ್ಳುತ್ತವೆ. ಎ ಗುಂಡಿ ಒತ್ತಿದಾಗ ಮಾತ್ರ ದಾಖಲಾತಿ ಆರಂಭವಾಗುವಂತೆ ಪ್ರೋಗ್ರಾಮ್ ಬರೆದರೆ ಈ ಕಲಬೆರಕೆ ತಪ್ಪುತ್ತದೆ. ಬೋರ್ಡಿನಿಂದ ಬೋರ್ಡಿಗೆ ರೇಡಿಯೊ ಮೂಲಕ ಓದು ಕಳಿಸುವ ವ್ಯವಸ್ಥೆಯೂ ಇದೆ; ಅದನ್ನು ಬಳಸುವವರು ಪ್ರತಿ ಗುಂಪಿಗೂ ಬೇರೆ ಬೇರೆ ರೇಡಿಯೊ ಸಂಖ್ಯೆ ಕೊಡದಿದ್ದರೆ ಒಬ್ಬರ ಅಂಕಿ ಇನ್ನೊಬ್ಬರ ಕೋಷ್ಟಕದಲ್ಲಿ ಕಾಣಿಸಿಕೊಳ್ಳುತ್ತದೆ.

ಗಾಳಿ ಮತ್ತು ನೀರಿನ ಮಾಲಿನ್ಯವೇ ಮುಖ್ಯ ಗುರಿಯಾಗಿದ್ದರೆ ಮೈಕ್ರೋಬಿಟ್ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಗ್ರಹಿಸುವ ಯಾವ ಸಂವೇದಕವೂ ಬೋರ್ಡಿನಲ್ಲಿಲ್ಲ. ಹೊರಗಿನಿಂದ ಜೋಡಿಸುವ ಲೇಸರ್ ಸಂವೇದಕಗಳು ಇವೆಯಾದರೂ ಸಾಮಾನ್ಯವಾಗಿ ಅವುಗಳಿಗೆ 5 ವೋಲ್ಟ್ ಬೇಕು, ಬೋರ್ಡು ಕೊಡುವುದು 3 ವೋಲ್ಟ್. ಈ ಜೋಡಣೆ ಪ್ರಾಥಮಿಕ ತರಗತಿಯ ಕೆಲಸವಲ್ಲ. ಪಿಎಂ 2.5 ಎಂಬ ಅತಿಸಣ್ಣ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಅಂಥ ಸೂಕ್ಷ್ಮ ಪ್ರಮಾಣವನ್ನು ಅಳೆಯುವ ಜವಾಬ್ದಾರಿಯನ್ನು ಆಟಿಕೆಯ ಗಾತ್ರದ ಬೋರ್ಡಿನ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ. ವ್ಯಾಸಲಿನ್ ಸವರಿದ ಬಿಳಿ ರಟ್ಟುಗಳನ್ನು ಬೇರೆ ಬೇರೆ ಕಡೆ ತೂಗುಹಾಕಿ, ವಾರದ ನಂತರ ಭೂತಗನ್ನಡಿಯಲ್ಲಿ ಧೂಳನ್ನು ಎಣಿಸುವುದು ಈ ವಯಸ್ಸಿಗೆ ಹೆಚ್ಚು ಅರ್ಥಪೂರ್ಣ. ಸೂಕ್ಷ್ಮ ಕಣಗಳು ಅದರಲ್ಲಿ ಕಾಣುವುದಿಲ್ಲ ಎಂಬುದನ್ನು ಮಾತ್ರ ಮಕ್ಕಳಿಗೆ ಹೇಳಿರಬೇಕು.

ನೀರಿನ ಕಲಕನ್ನು ಅಳೆಯಲು ಇಟಲಿಯ ಪಾದ್ರಿ ಮತ್ತು ಖಗೋಳಶಾಸ್ತ್ರಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಬಳಸಿದ ತಟ್ಟೆಯ ಮುಂದೆ ಯಾವ ಸರ್ಕ್ಯೂಟ್ ಬೋರ್ಡೂ ನಿಲ್ಲದು. ಹಗ್ಗಕ್ಕೆ ಕಟ್ಟಿದ ತಟ್ಟೆಯನ್ನು ನೀರಿಗೆ ಇಳಿಸುತ್ತ ಹೋಗಿ, ಅದು ಕಣ್ಣಿಗೆ ಕಾಣದಂತಾದ ಆಳವನ್ನು ಬರೆದುಕೊಂಡರೆ ಮುಗಿಯಿತು. ಇಲ್ಲಿ ಬರುವ ಉತ್ತರ ಸೆಂಟಿಮೀಟರಿನಲ್ಲಿರುತ್ತದೆ, ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ನೀರಿನ ಬಳಿ ದೊಡ್ಡವರು ಜೊತೆಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದೇ ನೀರಿನಲ್ಲಿ ಬದುಕಿರುವ ಜೀವಿಗಳನ್ನು ನೋಡುವ ಆಸೆಯಿದ್ದರೆ ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ತಂಡ ರೂಪಿಸಿದ, ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಸೂಕ್ಷ್ಮದರ್ಶಕವನ್ನು ಕೊಳ್ಳಬಹುದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುವ ಅದಕ್ಕೆ ಸೆಲ್ಲೂ ಬೇಡ, ಕಂಪ್ಯೂಟರೂ ಬೇಡ.

ಬಳಕೆಯ ಹೊರೆ ಬೀಳುವುದು ಬಹುಪಾಲು ಶಿಕ್ಷಕರ ಮೇಲೆ. ಪರಿಸರ ಪಾಠದ ಒಂದು ಅವಧಿಯಲ್ಲಿ ಮಕ್ಕಳು ಪ್ರೋಗ್ರಾಮನ್ನೂ ಬರೆದು, ಹೊರಗೂ ಹೋಗಿ, ಓದು ತಂದು ಚರ್ಚಿಸುವುದು ಆಗದ ಮಾತು. ಪ್ರೋಗ್ರಾಮನ್ನು ಶಿಕ್ಷಕರೇ ಮೊದಲು ತುಂಬಿಟ್ಟು, ಎಷ್ಟು ಸೆಕೆಂಡಿಗೊಮ್ಮೆ ಓದು ತೆಗೆಯಬೇಕು, ಯಾವ ಜಾಗದಲ್ಲಿ ಇಡಬೇಕು ಎಂಬುದನ್ನು ಮಾತ್ರ ಮಕ್ಕಳಿಗೆ ಬಿಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ತನಿಖೆಯ ನಿಜವಾದ ವಿಚಾರ ಇರುವುದು ಆ ಎರಡು ಆಯ್ಕೆಗಳಲ್ಲೇ. ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವುದನ್ನು ಕಂಪ್ಯೂಟರ್ ಅವಧಿಗೆ ಮುಂದೂಡಿದರೆ ನಷ್ಟವಿಲ್ಲ. ಒಂದು ಬೋರ್ಡಿಗೆ ಮೂವರು ಮಕ್ಕಳಿದ್ದರೆ ಒಬ್ಬರು ಬೋರ್ಡು ನೋಡಿಕೊಳ್ಳಲು, ಒಬ್ಬರು ಬರೆಯಲು, ಒಬ್ಬರು ಸುತ್ತ ಏನಾಗುತ್ತಿದೆ ಎಂದು ಗಮನಿಸಲು ಸರಿಹೋಗುತ್ತದೆ. ಗಮನಿಸುವವರ ಟಿಪ್ಪಣಿ ಇಲ್ಲದಿದ್ದರೆ ನಕ್ಷೆಯಲ್ಲಿನ ಏರಿಗೆ ಕಾರಣವೇನೆಂದು ಯಾರಿಗೂ ನೆನಪಿರುವುದಿಲ್ಲ.

ಕೊಳ್ಳುವಾಗ ಎರಡನೆಯ ಆವೃತ್ತಿಯೇ ಎಂದು ಖಚಿತಪಡಿಸಿಕೊಳ್ಳಿ. ಮೊದಲನೆಯದರಲ್ಲಿ ಮೈಕ್ರೊಫೋನೂ ಇಲ್ಲ, ಮೇಲೆ ಹೇಳಿದ ದಾಖಲಾತಿಯೂ ಇಲ್ಲ. ಮುಂಭಾಗದ ಲಾಂಛನ ಚಿನ್ನದ ಬಣ್ಣದ್ದಾಗಿದ್ದು, ಪಕ್ಕದಲ್ಲಿ ಮೈಕ್ರೊಫೋನಿನ ಚಿತ್ರವಿದ್ದರೆ ಅದು ಎರಡನೆಯದು. ಬರಿಯ ಬೋರ್ಡಿಗೆ ಯಾವ ಹೊದಿಕೆಯೂ ಇಲ್ಲ, ನೀರು ಬಿದ್ದರೆ ಕೆಡುತ್ತದೆ. ಹೊರಗಿನ ಬಳಕೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೋ ಸಣ್ಣ ಡಬ್ಬಿಯನ್ನೋ ಜೊತೆಗಿಟ್ಟುಕೊಳ್ಳಬೇಕು, ಆದರೆ ಮುಚ್ಚಿದ ಚೀಲದೊಳಗೆ ಶಬ್ದದ ಮತ್ತು ಉಷ್ಣತೆಯ ಓದು ಬದಲಾಗುವುದರಿಂದ ಎಲ್ಲ ಗುಂಪುಗಳೂ ಒಂದೇ ಬಗೆಯ ಹೊದಿಕೆ ಬಳಸಬೇಕು. ಸೆಲ್ ಪೆಟ್ಟಿಗೆಯ ಪುಟ್ಟ ಪ್ಲಗ್ಗನ್ನು ತಂತಿ ಹಿಡಿದು ಎಳೆದರೆ ತಂತಿ ಕಿತ್ತುಬರಬಹುದು. ಚಿಕ್ಕ ಬೆರಳುಗಳಿಗೆ ಅದನ್ನು ಬಿಡಿಸುವುದು ಕಷ್ಟವಾದ್ದರಿಂದ, ಆನ್ ಆಫ್ ಸ್ವಿಚ್ ಇರುವ ಸೆಲ್ ಪೆಟ್ಟಿಗೆಯನ್ನೇ ಆರಿಸಿ, ಪ್ಲಗ್ಗನ್ನು ಒಮ್ಮೆ ಸಿಕ್ಕಿಸಿದ ಮೇಲೆ ಹಾಗೆಯೇ ಬಿಟ್ಟುಬಿಡಿ. ಯುಎಸ್‌ಬಿ ತಂತಿಗಳಲ್ಲಿ ಕೆಲವು ವಿದ್ಯುತ್ತನ್ನು ಮಾತ್ರ ಸಾಗಿಸುತ್ತವೆ, ದತ್ತಾಂಶವನ್ನು ಸಾಗಿಸುವುದಿಲ್ಲ. ಬೋರ್ಡಿನ ದೀಪ ಹೊತ್ತಿಕೊಂಡೂ ಕಂಪ್ಯೂಟರಿನಲ್ಲಿ ಡ್ರೈವ್ ಕಾಣಿಸದಿದ್ದರೆ ಮೊದಲು ತಂತಿಯನ್ನು ಬದಲಿಸಿ ನೋಡಿ.